ಸಂಕಷ್ಟಿಯ ಚಂದ್ರ

ಹಸಿರು ಬಳೆ ಉಮಾವತಿಯ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು.

“ಆಂಟಿ, ಸೋಪ್ ಲಗಾಯೇಂ ಕ್ಯಾ?” ಸೊಸೆ ಮಾನಸಿ ಮೂಗೊರೆಸಿಕೊಳ್ಳುತ್ತ ಕೇಳಿದಳು.

“ತೆಂಗಿನೆಣ್ಣೆ ತಾ ಮಗಾ. ಬಳೆ ಅಂಗಡಿಯವನದ್ದೂ ಯಾವಾಗಲೂ ಇದೇ ಗೋಳು,” ಎಂದಳು ಪಕ್ಕದ ಮನೆಯ ಮೋಹಿನಿ. ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರಿಗೆ ನಗು ಬಂತು.

ಹೊರಗಿನಿಂದ ಉಮಾವತಿಯ ಅಣ್ಣ ಗುರುವಪ್ಪನ ದನಿ ಕೇಳಿಸಿತು. “ತಾರಾನಾಥ ಬಂದನಾ? ಟಿಟ್ವಾಳಾ ಗಣಪತಿಯ ಹೂ ಬಾರದೆ ನನ್ನ ತಂಗಿಯನ್ನು ಎತ್ತುವುದು ಬೇಡ. ಒಂದು ಸಂಕಷ್ಟಿ ತಪ್ಪಿಸಿದವಳಲ್ಲ ಅವಳು!”

ಬಳೆ ಹಿಡಿದ ಮೋಹಿನಿಯ ಕೈ ನಿಂತಿತು. ಆ ಎಲ್ಲ ಸಂಕಷ್ಟಿಗಳಲ್ಲೂ ಉಮಾವತಿಯ ಜೊತೆಗಿದ್ದವಳು ಅವಳೇ. ಎಲ್ಲಿಗೆ ಹೋಗುತ್ತಿದ್ದರೆಂದು ಗೊತ್ತಿದ್ದವಳೂ ಅವಳೊಬ್ಬಳೇ. ಈಗ ಬಿಲ್ಡಿಂಗ್ ಸೊಸೈಟಿಯ ತಾರಾನಾಥ ಲೋಕಲ್ ರೈಲು ಹಿಡಿದು ಟಿಟ್ವಾಳಾಕ್ಕೆ ಓಡಿದ್ದ, ಕೆಳಗೆ ಶವದ ಗಾಡಿ ಕಾಯುತ್ತಿತ್ತು, ಉಮಾವತಿಯ ಗಂಡ ವಸಂತಕುಮಾರರು ಬಾಗಿಲನ್ನೇ ನೋಡುತ್ತಿದ್ದರು. ಹೇಳದಿದ್ದರೆ ಈ ಮನುಷ್ಯ ಸುಳ್ಳಿನ ಮೇಲೊಂದು ಹೂವಿಟ್ಟು ಹೆಂಡತಿಯನ್ನು ಕಳಿಸುತ್ತಾರೆ. ಹೇಳಿದರೆ, ಇಷ್ಟು ವರ್ಷದ ನಂಬಿಕೆ ಇವತ್ತೇ ಒಡೆಯಬೇಕೇ?

*

ಮೊದಲ ಸಲ ಹೊರಟದ್ದು ನಿಜವಾಗಿಯೂ ಟಿಟ್ವಾಳಾಕ್ಕೆ. ಡೊಂಬಿವಲಿ ಸ್ಟೇಷನ್ನಿನ ಗರ್ದಿ ಇಬ್ಬರನ್ನೂ ಯಾವುದೋ ಗಾಡಿಯೊಳಗೆ ತಳ್ಳಿತು. ಠಾಕುರ್ಲಿ ಬರಬೇಕಾದಲ್ಲಿ ಎದುರು ದಿಕ್ಕಿನ ಕೋಪರ್ ಬಂತು. ಠಾಣೆಯಲ್ಲಿ ಇಳಿದು ಉಸಿರು ಬಿಡುವಾಗ ಪ್ಲಾಟ್‌ಫಾರ್ಮ್ ತುಂಬ ಶಾಲೆಯ ಮಕ್ಕಳು. ನವಿ ಮುಂಬಯಿಯ ಬಾಹ್ಯಾಕಾಶ ವಿಜ್ಞಾನ ಕೇಂದ್ರಕ್ಕೆ, “ಚಾಂದ್ ದೇಖ್ನೇ” ಹೊರಟಿದ್ದವು.

“ಸಂಕಷ್ಟಿಯ ದಿನ ಕಡೆಗೆ ನೋಡಬೇಕಾದ್ದು ಚಂದ್ರನನ್ನೇ ಅಲ್ವಾ? ನಡಿ ಮಾರಾಯ್ತಿ,” ಎಂದಳು ಉಮಾವತಿ.

ಕೇಂದ್ರದ ತಾರಾಲಯದ ಗುಮ್ಮಟದೊಳಗೆ ಕತ್ತಲೆಯಾಯಿತು. ಒರಗುಕುರ್ಚಿಯಲ್ಲಿ ಮಲಗಿದವರ ಮೇಲೆ ನಕ್ಷತ್ರಗಳು ಒಂದೊಂದಾಗಿ ಹೊತ್ತಿಕೊಂಡವು. ಆಮೇಲೆ ಒಂದು ಮೂಲೆಯಿಂದ ದೊಡ್ಡ ಚಂದ್ರ ಎದ್ದ. ಅದೇ ಕ್ಷಣಕ್ಕೆ ಕಟಕ್ಕೆಂದು ಚಕ್ಕುಲಿ ಮುರಿದ ಸದ್ದು.

ಕಾವಲುಗಾರ ಟಾರ್ಚ್ ಬಿಟ್ಟ. “ಯಹಾಂ ಖಾನಾ ಮನಾ ಹೈ, ಮಾತಾಜಿ.”

“ಭೈಯಾ, ಚಂದ್ರೋದಯ ಹೋ ಗಯಾ. ಹಮ್ ಉಪವಾಸ್ ಛೋಡ್ತಾ ಹೈ,” ಎಂದಳು ಉಮಾವತಿ, ಬಾಯಿ ತುಂಬಿಕೊಂಡು. ಗುಮ್ಮಟವೆಲ್ಲ ನಕ್ಕಿತು.

ಹೊರಗೆ ಚಂದ್ರನ ಮೇಲಿನ ತೂಕ ತೋರಿಸುವ ಯಂತ್ರವಿತ್ತು. ಉಮಾವತಿ ಹಿಂಜರಿದಳು. ರಿಕ್ಷಾದಲ್ಲಿ, ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ, ಎಲ್ಲೆಡೆ ತನ್ನ ದಪ್ಪ ಮೈಗಾಗಿ ಕ್ಷಮೆ ಕೇಳುತ್ತಲೇ ಕುಳಿತವಳು ಅವಳು. ಮೋಹಿನಿ ಹಿಂದಿನಿಂದ ತಳ್ಳಿದಳು. ಯಂತ್ರ ಹನ್ನೆರಡು ಕಿಲೋ ಎಂದಿತು. ಉಮಾವತಿ ಇಳಿಯಲಿಲ್ಲ. ಹಿಂದಿನ ಮಕ್ಕಳು ಗಲಾಟೆ ಮಾಡುವವರೆಗೂ ಸೆರಗು ಹಿಡಿದುಕೊಂಡು, ಲಂಗದ ಹುಡುಗಿಯ ಹಾಗೆ ನಿಂತೇ ಇದ್ದಳು.

ಮನೆಗೆ ಬರುವಾಗ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಪೇಡಾ ಕೊಂಡರು, ಗಣಪತಿಯ ಪ್ರಸಾದವೆಂದು. ಮುಂದೆ ಪ್ರತಿ ಸಂಕಷ್ಟಿಗೂ ಅದೇ. ಸೋಮವಾರ ಕೇಂದ್ರಕ್ಕೆ ರಜೆ. ಆ ದಿನ ಸಂಕಷ್ಟಿ ಬಂದರೆ ಮಾತ್ರ ಟಿಟ್ವಾಳಾದ ಗಣಪತಿ.

*

ಮೋಹಿನಿ ವಸಂತಕುಮಾರರನ್ನು ಬಾಲ್ಕನಿಗೆ ಕರೆದಳು.

“ವಸಂತಣ್ಣ, ನಾವು ಟಿಟ್ವಾಳಾಕ್ಕೆ ಹೋಗುತ್ತಿರಲಿಲ್ಲ.”

“ಗೊತ್ತುಂಟು.”

ಮೋಹಿನಿ ಬಾಲ್ಕನಿಯ ಬಾಗಿಲನ್ನು ಎಳೆದುಕೊಂಡಳು.

“ಹೋಟೆಲಿನಲ್ಲಿ ಕೂದಲು ಹಣ್ಣು ಮಾಡಿಕೊಂಡವನು ನಾನು. ಯಾವ ಅಂಗಡಿಯ ಪೇಡಾ ಅಂತ ನಾಲಿಗೆಗೆ ತಿಳಿಯುವುದಿಲ್ವಾ? ಅಪರೂಪಕ್ಕೆ ನಿಜವಾದ ಟಿಟ್ವಾಳಾದ್ದು ಬರುತ್ತಿತ್ತು. ಆಗ ಹೆದರಿಕೆಯಾಗ್ತಿತ್ತು, ಇವಳಿಗೆ ದೇವರ ಹತ್ತಿರ ಹೋಗುವಂಥ ಕಷ್ಟ ಏನು ಬಂತಪ್ಪಾ ಅಂತ.”

“ಮತ್ತೆ ಕೇಳಲಿಲ್ಲ ಯಾಕೆ?”

“ಬರುವಾಗ ಅವಳ ಮುಖ ನೋಡಿದ್ದೀಯಲ್ಲ. ಕೇಳಿದರೆ ಅದು ನಿಂತುಹೋದರೆ?” ಅವರು ದನಿ ತಗ್ಗಿಸಿದರು. “ಈಗ ಹೇಳು. ಎಲ್ಲಿಗೆ ಹೋಗ್ತಿದ್ರಿ?”

ಮೋಹಿನಿ ಹೇಳಿದಳು. ಗುಮ್ಮಟ, ಚಕ್ಕುಲಿ, ಟಾರ್ಚು, ಸೋಮವಾರದ ರಜೆ, ತೂಕದ ಯಂತ್ರದ ಹನ್ನೆರಡು ಕಿಲೋ. ವಸಂತಕುಮಾರರ ಕಣ್ಣು ಅಗಲವಾಯಿತು.

“ಹನ್ನೆರಡು ಕಿಲೋ! ಮೆಟ್ಟಿಲು ಹತ್ತುವಾಗ, ಮೊಣಕಾಲು ಹಿಡಿದುಕೊಂಡು ಅದನ್ನೇ ಹೇಳುತ್ತಿದ್ದಳು ಮಾರಾಯ್ತಿ. ನಾನು ಏನೋ ಜಪ ಅಂದುಕೊಂಡಿದ್ದೆ.”

ಅಷ್ಟರಲ್ಲಿ ತಾರಾನಾಥ ಬೆವರುತ್ತ ಒಳಗೆ ಬಂದ, ಕೈಯಲ್ಲಿ ದಾಸವಾಳ, ಗರಿಕೆ. ಮೋಹಿನಿ ವಸಂತಕುಮಾರರ ಮುಖ ನೋಡಿದಳು.

“ಇಡಲಿ,” ಎಂದು ಅವರು ಪಿಸುಗುಟ್ಟಿದರು. “ಸೋಮವಾರಗಳ ಲೆಕ್ಕಕ್ಕೆ.”

ಲಿಫ್ಟಿನಲ್ಲಿ ಚಟ್ಟ ಹಿಡಿಸುವಂತಿರಲಿಲ್ಲ. ಮಗ ಕೌಶಲ್ ಇಕ್ಕಟ್ಟಾದ ಮೆಟ್ಟಿಲು ನೋಡಿದ, ತಾಯಿಯನ್ನು ನೋಡಿದ. “ಪಪ್ಪಾ, ಔರ್ ದೋ ಲೋಗ್ ಚಾಹಿಯೇ.”

“ಹೆದರಬೇಡ, ಎತ್ತು,” ಎಂದು ವಸಂತಕುಮಾರರು ಬಾಗಿ ಮುಂದಿನ ಬಿದಿರಿಗೆ ಹೆಗಲು ಕೊಟ್ಟರು. “ಹನ್ನೆರಡು ಕಿಲೋ.”

ಗುರುವಪ್ಪ ಬೆಪ್ಪಾಗಿ ಭಾವನನ್ನು ನೋಡಿದ. ಬಾಗಿಲಲ್ಲಿ ಮೋಹಿನಿ ಸೆರಗನ್ನು ಬಾಯಿಗೊತ್ತಿಕೊಂಡಳು. ಅವಳ ಭುಜ ಕುಲುಕುವುದನ್ನು ಕಂಡು ಮಾನಸಿ ಬೆನ್ನು ಸವರತೊಡಗಿದಳು.

ಮೆಟ್ಟಿಲ ತಿರುವಿನಲ್ಲಿ ಕಟಾಂಜನದ ಕಂಬಿ ದಾಟಿಸಲು ಎಲ್ಲರೂ ಕೈ ಚಾಚಿ ಚಟ್ಟವನ್ನು ಮೇಲೆತ್ತಿದರು. ಹಸಿರು ಬಳೆಯ ಉಮಾವತಿ ಎಲ್ಲರ ತಲೆಗಿಂತ ಮೇಲೆ, ಒಂದು ಕ್ಷಣ ತೇಲಿದಂತೆ ನಿಂತು, ತಿರುವು ದಾಟಿದಳು.