ವಿಷಯ ತಜ್ಞೆ ನಪಾಸು

ಮೊಬೈಲಿನಲ್ಲಿ ಕೆಂಪಕ್ಷರದ ‘ಅನುತ್ತೀರ್ಣ’ ಕಂಡಾಗ ಏಕನಾಥಮ್ಮನಿಗೆ ಮೊದಲು ನಗು ಬಂತು. ಎದುರಿನ ಗೋಡೆಯ ದೊಡ್ಡ ಟಿ.ವಿ.ಯಲ್ಲಿ ಅವಳದೇ ಎರಡು ಕೈ ಕಂಬಳಿಯ ಉದ್ದೆಳೆಗಳಾದ ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದವು. ತನ್ನ ಕೈ ತೋರಿಸಿಯೇ ಪಾಠ. ಆ ಪಾಠದ ಪರೀಕ್ಷೆಯಲ್ಲಿ ತಾನೇ ನಪಾಸು. ನಗು ಹೋಗಿ ಸಿಟ್ಟು ಬಂತು.

ಹಿರಿಯೂರಿನ ಈ ತರಬೇತಿ ಕೇಂದ್ರಕ್ಕೆ ಕಂಬಳಿ ನೇಯ್ಗೆ ಕಲಿಸುವವರು ಬೇಕಾಗಿದ್ದರು. ಯಲ್ಲದಕೆರೆಯ ಏಕನಾಥಮ್ಮ ಮೂವತ್ತು ವರ್ಷದಿಂದ ಮಗ್ಗದ ಮುಂದೆ ಕೂತವಳು. ಬೆಳಿಗ್ಗೆ ಮಕ್ಕಳಿಗೆ ಮುದ್ದೆ ತಿರುವಿಟ್ಟು ಬಂದು ಸಂಜೆಗೆ ಮನೆ ಸೇರುವಂಥ ಕೆಲಸ. ಅವಳಿಗೆ ಅದು ಬೇಕೇ ಬೇಕಿತ್ತು. ಆದರೆ ಕೇಂದ್ರಕ್ಕೆ ಸಲಹೆ ಕೊಡುವ ಕಂಪನಿಯೊಂದಿತ್ತು. ಅದರ ದೂರಶಿಕ್ಷಣದ ಕೋರ್ಸು ಪಾಸಾಗದವರು ಕಲಿಸುವಂತಿಲ್ಲ.

“ಯಾವ್ದು ತಪ್ಪಾಗೈತೆ ತೋರ್ಸಪ್ಪ.”

ಕಂಪನಿಯ ಹನುಮೇಶ್, ಅವಳು ಪರೀಕ್ಷೆ ಬರೆದಿದ್ದ ತನ್ನ ಮೊಬೈಲಿನ ಪರದೆ ಸರಿಸಿದ. “ಹನ್ನೊಂದನೇದು. ಗಂಜಿ ಬಳಿಯೋ ಹೊತ್ತು ಯಾವ್ದು? ನೀವು ಬೆಳಗಿನ ಜಾವ ಅಂತ ಒತ್ತಿದೀರಿ. ಸರಿ ಉತ್ತರ ಮಧ್ಯಾಹ್ನ. ಇದೊಂದು ತಪ್ಪಿದ್ರೆ ಉಳಿದದ್ದೆಲ್ಲ ಸರಿಯಿದ್ರೂ ನಪಾಸೇ.”

“ಯಾವೋನ್ಲೇ ಹಂಗಂದೋನು?”

“ವಿಡಿಯೋದಾಗೆ ನೀವೇ ಬಳೀತಿದೀರಲ್ಲಮ್ಮ, ಸುಡುಬಿಸ್ಲಾಗೆ!”

ವಿಡಿಯೋ ತೆಗೆದ ದಿನ ಅವಳ ಕಣ್ಣಿಗೆ ಕಟ್ಟಿತು. ಬೆಳಗಿನ ಐದಕ್ಕೆ ಬರುತ್ತೇವೆಂದ ಕ್ಯಾಮೆರಾದವರು ಚಿತ್ರದುರ್ಗದಿಂದ ಬಂದಿಳಿದದ್ದು ಹನ್ನೆರಡಕ್ಕೆ. ಬೀದಿಯುದ್ದಕ್ಕೂ ಗೂಟ ನೆಟ್ಟು ಎಳೆದ ಹಾಸನ್ನು ಊರಲ್ಲಿ ಯಾರೂ ದಾಟುವುದಿಲ್ಲ. ಎಮ್ಮೆ ಹೊಡೆದುಕೊಂಡು ಬಂದವರೂ ಬಳಸಿಕೊಂಡು ಹೋಗುತ್ತಾರೆ. ಕ್ಯಾಮೆರಾದವರು ಬೂಟುಗಾಲಲ್ಲೇ ದಾಟಿದರು. “ಈಗ ಬಳಿದ್ರೆ ಗಂಜಿ ಪಟ್ಟಂತ ಒಣಗಿ ನೂಲು ಕಡ್ಡಿ ಆಗ್ತೈತೆ” ಎಂದು ಅವಳು ಹೇಳಿದ್ದಕ್ಕೆ, “ಸುಮ್ನೆ ಬಳಿಯಮ್ಮ, ಬೆಳಕು ಚೆನ್ನಾಗೈತೆ, ಮಾತು ಆಮೇಲೆ ಸೇರಿಸ್ತೀವಿ” ಎಂದರು. ಮನೆಗೆ ಬಂದವರ ಮುಖ ಮುರಿಯಬಾರದೆಂದು ಬಳಿದಳು. ಸಂಜೆಗೆ ಎಳೆಗಳೆಲ್ಲ ತುಂಡಾದವು. ಅದನ್ನು ಹಿಡಿಯಲು ಕ್ಯಾಮೆರಾ ಅಲ್ಲಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಅವಳ ಸೋದರತ್ತೆಯ ಮಗಳು, ಮತ್ತೋಡಿನ ಹುಚ್ಚಕ್ಕ. ಹೊಸದುರ್ಗದ ಕೇಂದ್ರದಲ್ಲಿ ಇದೇ ಪಾಠ ನೋಡಿ ಹೊಸದಾಗಿ ಮಗ್ಗ ಹೂಡಿದ್ದಳು.

“ಏನೇ ತಾಯಿ, ಇದೇನಾ ನಿನ್ ವಿದ್ಯೆ? ಮೂರು ತಿಂಗ್ಳು ನೂತಿದ್ದು, ಮುಟ್ಟಿದ್ರೆ ಮುರೀತೈತೆ!”

“ಮಧ್ಯಾಹ್ನ ಬಳಿದ್ಯಾ?”

“ನಿನ್ ಕೈ ನೋಡೇ ಬಳಿದೆ. ಟಿ.ವಿ.ಯಾಗೆ ಬಳೆ ಸಮೇತ ಕಾಣ್ತಾವೆ. ಬ್ಯಾರೆ ಯಾರಾನ ಆಗಿದ್ರೆ ನಂಬ್ತಿರ್ಲಿಲ್ಲ ಕಣೇ!”

ಏಕನಾಥಮ್ಮ ಫೋನಿಟ್ಟು ಹನುಮೇಶನ ಕಡೆ ತಿರುಗಿದಳು.

“ಆ ಪಾಠ ಈಗ್ಲೇ ತೆಗಿ.”

“ಆಗಲ್ಲಮ್ಮ. ಒಪ್ಪಿಗೆ ಆಗೈತೆ. ವಿಷಯ ತಜ್ಞರು ಸಹಿ ಹಾಕ್ಯಾರೆ.”

“ಯಾವ ತಜ್ಞ? ಕರಿ ಅವನ್ನ, ಮುಖ ನೋಡ್ತೀನಿ.”

ಹನುಮೇಶ್ ಫೈಲು ತೆರೆದು, ಅವಳ ಕಡೆ ತಿರುಗಿಸಿ ತೋರಿಸಿದ. ‘ವಿಷಯ ತಜ್ಞೆ: ಏಕನಾಥಮ್ಮ, ಯಲ್ಲದಕೆರೆ.’ ವಿಡಿಯೋ ತೆಗೆದ ದಿನ ಕ್ಯಾಮೆರಾದವರು ಟೀ ಕುಡಿಯುತ್ತಾ, ‘ಬಂದು ಹೋದದ್ದಕ್ಕೊಂದು ಗುರುತು’ ಎಂದು ಹಾಕಿಸಿಕೊಂಡಿದ್ದ ಸಹಿ.

“ಇನ್ನೊಂದು ಸಲ ಬರೆಯೋಕೆ ಅವಕಾಶ ಐತೆ,” ಎಂದ ಮೆಲ್ಲಗೆ. “ಮಧ್ಯಾಹ್ನ ಅಂತ ಒತ್ರಿ, ಸೋಮವಾರ ಕೆಲ್ಸಕ್ಕೆ ಬರ್ರಿ. ಆಮೇಲೆ ನಿಮಗೆ ತಿಳಿದಂಗೆ ಕಲಿಸ್ರಿ, ಯಾರ್ ಕೇಳ್ತಾರೆ?”

“ಇಲ್ಲಿ ಕುಂತೋರಿಗೆ ನಾನು ಕಲಿಸ್ತೀನಿ. ಮತ್ತೋಡಿನೋರಿಗೆ ಯಾರ್ ಕಲಿಸ್ತಾರೆ, ನಿನ್ ಟಿ.ವಿ.ನಾ?”

ಅವನ ಮೊಬೈಲು ಕಸಿದುಕೊಂಡಳು. ಹನ್ನೊಂದನೇ ಪ್ರಶ್ನೆ ಬರುವವರೆಗೂ ಸರಸರ ಒತ್ತಿದಳು. ಅಲ್ಲಿ ನಿಂತು, ‘ಬೆಳಗಿನ ಜಾವ’ದ ಮೇಲೆ ಗಾಜು ಒಡೆಯುವಂತೆ ಬೆರಳೂರಿದಳು. ಮತ್ತೆ ಕೆಂಪು.

ಅಂದು ಶನಿವಾರ, ಮೂರಕ್ಕೆ ಎಲ್ಲ ಕೇಂದ್ರದವರೂ ಒಟ್ಟಿಗೆ ಕೂರುವ ನೇರ ತರಗತಿ. ಟಿ.ವಿ. ಪರದೆಯಲ್ಲಿ ಹೊಸದುರ್ಗ, ಹೊಳಲ್ಕೆರೆಯ ಹೆಂಗಸರ ಮುಖಗಳು ಮೂಡಿದವು. ಏಕನಾಥಮ್ಮ ಹನುಮೇಶನ ಕುರ್ಚಿಯಲ್ಲೇ ಕೂತಳು. ಅವನು ಸಂಪರ್ಕ ಕತ್ತರಿಸುವ ಗುಂಡಿಗೆ ಕೈ ಹಾಕಿದ.

“ಮುಟ್ಟಿದ್ಯೋ, ಜ್ವಾಕೆ.”

ಅವನು ಕೈ ಹಿಂದೆಳೆದುಕೊಂಡ.

“ನಾನು ಏಕನಾಥಮ್ಮ. ವಿಡಿಯೋದಾಗೆ ಇರೋ ಕೈ ನನ್ನವೇ. ಆ ಪಾಠ ಸುಳ್ಳು. ಕ್ಯಾಮೆರಾಕ್ಕೆ ಬೆಳಕು ಬೇಕಾಗಿತ್ತು, ನಾನು ಬಾಯಿ ಮುಚ್ಕಂಡು ಬಳಿದೆ. ಅದು ನನ್ ತಪ್ಪು. ಜಾವದಾಗೆ ಬಳೀರಿ, ಬಿಸ್ಲು ಏರೋದ್ರೊಳಗೆ ಮುಗಿಸ್ರಿ.”

ಹೊಳಲ್ಕೆರೆಯಿಂದ ಒಬ್ಬಾಕೆ ಕೇಳಿದಳು: “ಹಂಗಾದ್ರೆ ಪರೀಕ್ಷೆಯಾಗೆ ಏನ್ ಒತ್ತಾಣಕ್ಕ?”

ಏಕನಾಥಮ್ಮ ಬಾಯಿ ತೆರೆಯುವಷ್ಟರಲ್ಲಿ ಹನುಮೇಶ್ ಸಂಪರ್ಕ ಕತ್ತರಿಸಿದ.

ಅವಳು ಕುರ್ಚಿ ಹಿಂದೆ ತಳ್ಳಿದಳು. ಎದ್ದು ಹುಚ್ಚಕ್ಕನಿಗೆ ಫೋನು ಮಾಡಿದಳು. “ಹುಣಸೆಬೀಜ ನೆನೆಹಾಕು. ಉಳಿದಿರೋ ನೂಲು ತೆಗೆದಿಡು. ಈಗ್ಲೇ ಬಸ್ ಹತ್ತೀನಿ. ಇವತ್ತು ಮಕ್ಳಿಗೆ ಅವರಪ್ಪನೇ ಮುದ್ದೆ ತಿರುವಲಿ.”

“ಕೆಲ್ಸ ಸಿಕ್ತೇನೇ?”

“ಹೋಯ್ತು.”

ಬಾಗಿಲ ಬಳಿ ಬಂದಾಗ ಹಿಂದೆ ಟಿ.ವಿ. ಮತ್ತೆ ಹತ್ತಿಕೊಂಡಿತು. ಸುಡುಬಿಸಿಲಲ್ಲಿ ಅವಳ ಕೈಗಳು ಬಳಿಯತೊಡಗಿದವು. ಏಕನಾಥಮ್ಮ ತಿರುಗಿ ಬಂದು ಗೋಡೆಯಿಂದ ವೈರು ಕಿತ್ತು, ಅದನ್ನು ಹನುಮೇಶನ ಮೇಜಿನ ಮೇಲೆಸೆದು, ಬಸ್‌ಸ್ಟಾಂಡಿನ ಕಡೆ ನಡೆದಳು.