ಷುಷಾನಳ ವೇಷ

ಸತ್ತವಳ ಜೊತೆ ಜಗಳವಾಡುವುದು ಹೇಗೆಂದು ಅರಾಕ್ಸಿಗೆ ತಿಳಿಯಲಿಲ್ಲ. ಬೈರೂತಿನ ಬುರ್ಜ್ ಹಮೂದ್ ಎಂಬ ನಿರಾಶ್ರಿತರ ಕೇರಿಯ ತಗಡಿನ ಮಾಡಿನ ಕೋಣೆಯಲ್ಲಿ ಕೂತು ಅವಳ ಗಂಡ ಮಿಸಾಕ್ ಬರೆದ ನಾಟಕಗಳಲ್ಲೆಲ್ಲ ಷುಷಾನ್ ಎಂಬವಳು ಇದ್ದೇ ಇರುತ್ತಿದ್ದಳು. ಅವಳು ಅವನ ಮೊದಲ ಹೆಂಡತಿ. ಹಿಂದೆ ಸೈನಿಕರು ಅವರ ಹುಟ್ಟೂರು ಖಾರ್ಪೆರ್ಟಿನ ಆರ್ಮೇನಿಯನ್ನರನ್ನೆಲ್ಲ ಮರುಭೂಮಿಯತ್ತ ಅಟ್ಟಿದಾಗ ದಾರಿಯಲ್ಲೇ ತೀರಿಕೊಂಡಿದ್ದಳು. ನಾಟಕದಲ್ಲಿ ಮಾತ್ರ ಅವಳಿಗೆ ವಯಸ್ಸಾಗುತ್ತಿರಲಿಲ್ಲ, ಸಿಟ್ಟು ಬರುತ್ತಿರಲಿಲ್ಲ.

ಅರಾಕ್ಸಿ ಹೊಲಿಗೆ ಯಂತ್ರ ತುಳಿದು ಮನೆ ನಡೆಸುತ್ತಿದ್ದಳು. ಕೇರಿಯ ನಾಟಕ ಮಂಡಳಿಯಲ್ಲಿ ಅವಳಂತೆ ಅಭಿನಯಿಸುವವರು ಇನ್ನೊಬ್ಬರಿರಲಿಲ್ಲ. ಆದರೂ ಹೊಸ ನಾಟಕದಲ್ಲಿ ಷುಷಾನಳ ಪಾತ್ರ ಮಾಡೆಂದು ಮಿಸಾಕ್ ಕೇಳಿದಾಗ ಸುತರಾಂ ಒಪ್ಪಲಿಲ್ಲ.

"ನಿಮ್ಮ ದೇವತೆ ವೇಷ ನಾನ್ಯಾಕೆ ಹಾಕ್ಲಿ? ನಾನಿರೋದು ಪಾತ್ರೆ ತೊಳೆಯೋಕೆ."

ಪಾತ್ರ ಬೂಟು ಹೊಲಿಯುವವನ ಮಗಳು ವೆರ್ಗೀನಳಿಗೆ ಹೋಯಿತು. ತಾಲೀಮಿನಲ್ಲಿ ಮಿಸಾಕ್ ಅವಳ ಗಲ್ಲ ಹಿಡಿದೆತ್ತಿ, ಷುಷಾನ್ ಹೀಗೆ ನೋಡುತ್ತಿದ್ದಳು ಎಂದು ತೋರಿಸಿದನಂತೆ. ಪಕ್ಕದ ಮನೆಯವಳು ಅದನ್ನು ಬಣ್ಣ ಕಟ್ಟಿ ಹೇಳಿದಳು. ಆ ವಾರ ಅರಾಕ್ಸಿ ಹೊಲಿದ ಅಂಗಿಗಳ ತೋಳೆಲ್ಲ ಸೊಟ್ಟ.

ಭಾನುವಾರ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ನಾಟಕ. ಮಿಸಾಕ್ ಪರದೆಯ ಪಕ್ಕ ನಿಂತು ನಟರಿಗೆ ಮರೆತ ಮಾತು ಎತ್ತಿಕೊಡುತ್ತಿದ್ದ. ಅಗಲಿಕೆಯ ದೃಶ್ಯದಲ್ಲಿ ವೆರ್ಗೀನ್ ಒಂದು ಮಾತೂ ತಪ್ಪಲಿಲ್ಲ. ಆದರೂ ಅವನ ತುಟಿ ಅಲುಗುತ್ತಲೇ ಇತ್ತು. ಸುತ್ತಲಿನ ಹೆಂಗಸರು ತಮ್ಮ ತಮ್ಮ ಸತ್ತವರ ಹೆಸರು ಹಿಡಿದು ಬಿಕ್ಕುತ್ತಿದ್ದರು. ಅರಾಕ್ಸಿ ಎದ್ದು ಮನೆಗೆ ಬಂದುಬಿಟ್ಟಳು.

ಅವನು ಬಂದದ್ದೇ ತಡ, ಕೇಳಿದಳು: "ನಾನೂ ಸತ್ತಿದ್ರೆ ನನ್ಮೇಲೂ ಒಂದು ನಾಟಕ ಬರೀತಿದ್ರಲ್ವಾ?"

ಮಿಸಾಕ್ ಹೊಸ್ತಿಲ ಮೇಲೆ ಕೂತ. "ಅವಳ ಮುಖಾನೇ ನೆನಪಿಲ್ಲ, ಅರಾಕ್ಸಿ. ಜೊತೆಗಿದ್ದಿದ್ದು ಎರಡೇ ತಿಂಗಳು. ವೆರ್ಗೀನ್‌ಗೆ ಹೇಳಿಕೊಟ್ಟಿದ್ದೆಲ್ಲ ಸುಳ್ಳು."

"ಮತ್ತೆ ಆ ನೋಟ, ಆ ನಡಿಗೆ? ಎಲ್ಲಿಂದ ತಂದ್ರಿ?"

"ನಿನ್ನ ಬಿಟ್ಟು ಇನ್ಯಾರನ್ನ ನೋಡಿದೀನಿ ನಾನು?" ಕದ್ದು ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ.

ಅರಾಕ್ಸಿಗೆ ಮೊದಲು ಬಂದದ್ದು ಸಿಟ್ಟೇ. ತನ್ನದನ್ನೆಲ್ಲ ಎತ್ತಿ ಷುಷಾನಳಿಗೆ ಕೊಟ್ಟಿದ್ದಾನೆ! ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಸತ್ತ ಆ ಹುಡುಗಿಯ ಬಗ್ಗೆ ಅಯ್ಯೋ ಅನ್ನಿಸಿತು. ಪಾಪ, ಅವಳ ಮುಖವೂ ಯಾರಲ್ಲೂ ಉಳಿದಿಲ್ಲ.

ಈಸ್ಟರ್ ಪ್ರದರ್ಶನಕ್ಕೆ ಅರಾಕ್ಸಿಯೇ ಷುಷಾನ್ ಆದಳು. ಅಗಲುವ ಹೊತ್ತಿನಲ್ಲಿ, ಬರೆದಿರದ ಮಾತೊಂದನ್ನು, ಬಟ್ಟೆಯ ಗಂಟು ಕಟ್ಟುತ್ತಿದ್ದ ಗಂಡನ ಪಾತ್ರದವನಿಗೆ ಗದರಿ ಹೇಳಿದಳು: "ಬಿಡಿ ಇಲ್ಲಿ, ನಿಮಗೆ ಒಂದು ಗಂಟು ಕಟ್ಟೋಕೂ ಬರಲ್ಲ." ಜನ ಗೊಳ್ಳೆಂದು ನಕ್ಕರು, ಮರುಕ್ಷಣ ಹಿಂದೆಂದಿಗಿಂತ ಹೆಚ್ಚು ಅತ್ತರು. ಪರದೆಯ ಪಕ್ಕದಲ್ಲಿ ಮಿಸಾಕ್‌ಗೆ ಮುಂದಿನ ಮಾತು ಎತ್ತಿಕೊಡುವುದೇ ಮರೆತುಹೋಯಿತು.

ಆ ಮಾತನ್ನು ಅವನು ನಾಟಕದಲ್ಲಿ ಸೇರಿಸಿಕೊಂಡ. ಅಲೆಪ್ಪೊದಲ್ಲಿ ಆಡಿದಾಗಲೂ ಅಲ್ಲೇ ಜನ ನಕ್ಕರು. ಪೇಟೆಯಲ್ಲಿ ಯಾರಾದರೂ ಷುಷಾನ್ ಎಂದು ಕೂಗಿದರೆ ಅರಾಕ್ಸಿಗೆ ಒಳಗೆಲ್ಲೋ ಚುರುಕ್ಕೆನ್ನುತ್ತಿತ್ತು. ಆದರೂ ತಿರುಗಿ ನೋಡುತ್ತಿದ್ದಳು.