ಡೈರಿಯ ಮೈಕು

"ಇದ್ನ ನಾನ್ ಓದುದ್ರೆ ಆಗಕಿಲ್ಲ ತಿಮ್ಮರಾಜಣ್ಣ. ನೀನೇ ಓದ್ಬೇಕು."

ಪವಿತ್ರ ಆರೋಗ್ಯ ಇಲಾಖೆಯ ಕಾಗದವನ್ನು ಹಾಲಿನ ಸ್ಯಾಂಪಲ್ ಬಾಟಲಿಗಳ ಪಕ್ಕ ಇಟ್ಟಳು. ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆಯ ಸೆರಗಿನಿಂದ ಕತ್ತು ಒರೆಸಿಕೊಂಡು ಮಾಸ್ಕನ್ನು ಮತ್ತೆ ಮೂಗಿಗೆ ಏರಿಸಿದಳು.

ಸಂಜೆಯ ಹಾಲು ಮುಗಿದಿತ್ತು. ತಿಮ್ಮರಾಜು ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಮಿಷನ್ನು ತೊಳೆಯುತ್ತಿದ್ದ. ಅರಕೆರೆ ಪಕ್ಕದ ಈ ಊರಿನ ಡೈರಿಗೆ ಅವನು ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿ. ಅವನು ಹೇಳಿದ ಫ್ಯಾಟಿಗೆ ಯಾರೂ ಎದುರಾಡಿದ್ದಿಲ್ಲ. ಡೈರಿಯ ತಾರಸಿ ಮೇಲಿನ ಮೈಕಿನಲ್ಲಿ ಅವನು ಹೇಳಿದ್ದಕ್ಕೂ ಅಷ್ಟೆ. ಫೋನಿನಲ್ಲಿ ಬಂದದ್ದನ್ನು ಜನ ನಂಬುತ್ತಿದ್ದರು, ನಾಳೆ ಇನ್ನೊಂದು ಬಂದರೆ ಅದನ್ನೂ ನಂಬುತ್ತಿದ್ದರು. ಮೈಕಿನಲ್ಲಿ ಬಂದ ಮಾತಿನ ಮೇಲೆ ಇನ್ನೊಂದು ಮಾತಿರಲಿಲ್ಲ.

"ಏನೈತೆ ಇದ್ರಲ್ಲಿ?"

"ನಾಳೆ ಸ್ಕೂಲತ್ರ ಕೊರೊನಾ ಲಸಿಕೆ. ಬಸುರೇರ್ಗೂ ಆಕ್ಬೋದು ಅಂತ ಈಗ ಆರ್ಡ್ರಾಗೈತೆ. ನಂಜಪ್ಪಣ್ಣನ ಮಗಳು ತನುಶ್ರೀಗೆ ಏಳ್ ತಿಂಗ್ಳು. ಮೂರ್ ಕಿತ ಓಗ್ಬಂದೆ. ಗಬ್ಬುದ್ ರಾಸ್ಗೇ ಆಕ್ಸಕಿಲ್ಲ, ನಾನ್ಯಾಕ್ ಆಕುಸ್ಕಳ್ಳಿ ಅಂತಳೆ. ಅದು ರಾಸಿನ ಮಾತು ಕಣವ್ವ ಅಂದೆ. ಮನುಸ್ರಿಗೂ ತಿಮ್ಮರಾಜಣ್ಣ ಅಂಗೇ ಯೋಳ್ದ ಅಂದ್ಲು."

ತಿಮ್ಮರಾಜು ನಲ್ಲಿ ನಿಲ್ಲಿಸಿದ.

ಹೇಳಿದ್ದು ನಿಜ. ಕಾಲುಬಾಯಿ ಜ್ವರದ ಲಸಿಕೆ ಬಂದಾಗಲೆಲ್ಲ ಮೈಕಿನಲ್ಲಿ ಕೂಗುವವನು ಅವನೇ. ಏಳು ತಿಂಗಳು ದಾಟಿದ ಗಬ್ಬದ ಹಸು ತರಬೇಡಿ, ಕಾಯಿಲೆ ಬಿದ್ದ ರಾಸು ತರಬೇಡಿ. ಮಾರ್ಚಿನಲ್ಲಿ ಜನರ ಲಸಿಕೆ ಊರಿಗೆ ಬಂದ ದಿನ ಅವನು ಯಾರನ್ನೂ ಕೇಳಲಿಲ್ಲ. ಕೇಳಬೇಕು ಎಂದೇ ಹೊಳೆಯಲಿಲ್ಲ. ಅಭ್ಯಾಸವಾಗಿದ್ದ ಮಾತು ತಾನಾಗಿ ಬಂತು. ಬಸುರಿಯರು ಬರಬೇಡಿ, ಸಕ್ಕರೆ ಕಾಯಿಲೆ ಇರೋರು, ಬೀಪಿ ಇರೋರು ಬರಬೇಡಿ.

ನಂಜಪ್ಪನ ಹೆಂಡತಿ ಚಿಕ್ಕಬೋರಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಆ ದಿನ ಅವಳು ಸ್ಕೂಲಿನ ಗೇಟಿನವರೆಗೂ ಹೋಗಿ, ಮೈಕು ಕೇಳಿಸಿಕೊಂಡು ಹಿಂದಿರುಗಿದ್ದಳು. ಮೇ ತಿಂಗಳಲ್ಲಿ ಕೊರೊನಾ ಬಂದು ಆಸ್ಪತ್ರೆಗೆ ಹೋದವಳು ಬರಲಿಲ್ಲ. ಹದಿನೈದು ದಿನ ಬಾಗಿಲು ಹಾಕಿಕೊಂಡಿದ್ದ ನಂಜಪ್ಪ ಹದಿನಾರನೆಯ ದಿನ ಎಂದಿನ ಹೊತ್ತಿಗೆ ಹಾಲು ತಂದ. ಅವತ್ತಿನಿಂದ ದಿನಕ್ಕೆರಡು ಸಲ ಬರುತ್ತಾನೆ. ಕ್ಯಾನು ಇಡುತ್ತಾನೆ, ಫ್ಯಾಟ್ ಕೇಳುತ್ತಾನೆ, ಹೋಗುತ್ತಾನೆ.

ತಿಮ್ಮರಾಜು ಕೈ ಒರೆಸಿಕೊಂಡು ಕಾಗದ ಓದಿದ. ಮೂರನೆಯ ಸಾಲಿನಲ್ಲಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ತಪ್ಪದೆ ಲಸಿಕೆ ಪಡೆಯಬೇಕು ಎಂದಿತ್ತು. ಎದೆಯೊಳಗೆ ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ. ನಲ್ಲಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು.

"ಇದು ಯಾವಾಗ್ ಬಂದುದ್ದು?"

"ಬಸುರೇರ್ದು ಈಗ. ಸಕ್ರೆಯೋರ್ದು ಮಾರ್ಚಲ್ಲೇ ಇತ್ತು. ನಿನ್ ಕೈಗೇ ಕೊಟ್ಟಿದ್ದೆ ಕನಣ್ಣ."

"ಓದ್ಲಿಲ್ಲ ನಾನು."

"ಗೊತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

"ನನ್ ಮಾತ್ನೂ ಸುಮ್ನೆ ನಂಬ್ಬೇಡ. ಕೆಳ್ಗಡೆ ಡಾಕ್ಟ್ರ ನಂಬರ್ ಅದೆ, ಕೇಳು."

ಅವನು ಫೋನು ಮಾಡಿದ. ಡಾಕ್ಟರಮ್ಮ ಸಾವಧಾನವಾಗಿ ವಿವರಿಸಿದರು. ಬಸುರಿಗೆ ಕೊರೊನಾ ಬಂದರೇ ಅಪಾಯ ಹೆಚ್ಚು, ಲಸಿಕೆ ಹಾಕಿಸಬಹುದು, ಕಳುಹಿಸಿಕೊಡಿ. ಹಸುವಿನ ನಿಯಮವನ್ನು ಮನುಷ್ಯರಿಗೆ ಹೇಳಬೇಡಿ. ಫೋನು ಇಡುವ ಮುಂಚೆ ತಿಮ್ಮರಾಜು ಇನ್ನೊಂದು ಕೇಳಿದ.

"ಸಕ್ರೆ ಇದ್ದೋರೊಬ್ರು ಮಾರ್ಚಲ್ಲಿ ಆಕುಸ್ಕಂಡಿದ್ರೆ, ಮೇನಲ್ಲಿ ಉಳ್ಕತಿದ್ರಾ ಮೇಡಂ?"

"ಒಬ್ಬರ ಬಗ್ಗೆ ಹಾಗೆ ಹೇಳೋಕಾಗಲ್ಲಪ್ಪ. ಉಳಿಯೋ ಸಾಧ್ಯತೆ ಜಾಸ್ತಿ ಇರ್ತಿತ್ತು."

ಮರುದಿನ ಬೆಳಿಗ್ಗೆ ಡೈರಿಯ ಮುಂದೆ ಎಂದಿನ ಸಾಲು. ಎಲ್ಲರಿಗಿಂತ ಮುಂದೆ ಕೆಂಪಣ್ಣ. ನಾಲ್ಕನೆಯವನು ನಂಜಪ್ಪ.

"ಯಾಕ್ಲಾ ಮಕ ಇಂಗೈತೆ?" ಎಂದ ಕೆಂಪಣ್ಣ. "ಅದ್ನ ನೋಡುದ್ರೆ ನನ್ ಆಲೂ ಒಡ್ದೋಯ್ತದೆ ಕಣ್ಲಾ."

ಒಂದಿಬ್ಬರು ನಕ್ಕರು. ತಿಮ್ಮರಾಜು ಕ್ಯಾನು ಮುಟ್ಟದೆ ಒಳಗೆ ಹೋಗಿ ಮೈಕು ಹಾಕಿದ. ಕಾಗದವನ್ನು ಮೊದಲಿಂದ ಕೊನೆಯವರೆಗೂ ಓದಿದ. ಹಾಲಿನ ಲಾರಿ ಬರುವ ಹೊತ್ತನ್ನು ಹೇಳುವ ದನಿಯೇ ಅದು. ಓದಿ ಮುಗಿದ ಮೇಲೆ ಮೈಕು ಆರಿಸಲಿಲ್ಲ.

"ಮಾರ್ಚಲ್ಲಿ ನಾನು ಯೋಳಿದ್ದು ತಪ್ಪು. ಅದು ರಾಸಿಗಿರೋ ನಿಯಮ. ಯಾರ್ನೂ ಕೇಳ್ದೆ ಯೋಳ್ಬುಟ್ಟೆ. ಅದ್ನ ಕೇಳಿ ಕೆಲವ್ರು ಲಸಿಕೆ ಆಕುಸ್ಕಳ್ಳಿಲ್ಲ."

ಹೊರಗೆ ಬಂದಾಗ ಯಾರೂ ನಗುತ್ತಿರಲಿಲ್ಲ. ಕೆಂಪಣ್ಣ ತನ್ನ ಕ್ಯಾನನ್ನು ಕಾಲಿನಿಂದ ಮೆಲ್ಲಗೆ ಮುಂದೆ ತಳ್ಳಿದ. "ಆಯ್ತು ಬುಡು. ಆಲ್ ಅಳ್ಕೊ."

ಅಳೆದ. ಎರಡನೆಯವನದು, ಮೂರನೆಯವನದು. ನಂಜಪ್ಪ ಕ್ಯಾನಿನ ಮುಚ್ಚಳ ತೆಗೆದ. ತಿಮ್ಮರಾಜು ಸ್ಯಾಂಪಲ್ ತೆಗೆದುಕೊಂಡ, ಹಾಲು ಅಳೆದು ಸುರಿದುಕೊಂಡ, ಮಿಷನ್ನಿನಲ್ಲಿ ಬಂದದ್ದನ್ನು ಹೇಳಿದ. ನಂಜಪ್ಪ ಹೋಗಲಿಲ್ಲ.

"ಇನ್ನೊಂದ್ ಕಿತ ಯೋಳು," ಎಂದ.

"ಫ್ಯಾಟಾ?"

"ಅಲ್ಲ. ಮೈಕ್ನಲ್ಲಿ. ನಮ್ಮಟ್ಟೀಲಿ ಮೋಟ್ರು ಓಡ್ತಿತ್ತು. ಮಗ್ಳಿಗೆ ಕೇಳುಸ್ಲಿಲ್ವೇನೋ."

"ಎಲ್ಲಾನೂವಾ?"

"ಎಲ್ಲಾನೂವ." ನಂಜಪ್ಪ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಕೂರಿಸಿದ. "ಕೆಲವ್ರು ಅಂದಲ್ಲ. ಅವ್ಳ ಎಸ್ರು ಯೋಳು."

ತಿಮ್ಮರಾಜು ಮತ್ತೆ ಒಳಗೆ ಹೋದ. ಕಾಗದ ಓದಿದ. ತಪ್ಪು ಎಂದ. ಆಮೇಲೆ ಉಗುಳು ನುಂಗಿದ್ದು ಊರಿಗೆಲ್ಲ ಕೇಳಿಸಿತು.

"ಚಿಕ್ಕಬೋರಮ್ಮ ಸ್ಕೂಲ್ ಗೇಟಿಂದ ವಾಪಸ್ ಬಂದುದ್ದು ನನ್ ಮಾತ್ ಕೇಳಿ."

ಮೈಕು ಆರಿಸಿ ಕಿಟಕಿಯ ಹತ್ತಿರ ನಿಂತ. ರಸ್ತೆಯಾಚೆ ನಂಜಪ್ಪನ ಮನೆ. ಮೋಟರು ನಿಂತಿತ್ತು. ಖಾಲಿ ಕ್ಯಾನು ಹಿಡಿದ ನಂಜಪ್ಪ ಅಂಗಳ ತಲುಪುವಷ್ಟರಲ್ಲಿ ತನುಶ್ರೀ ಸೊಂಟದ ಮೇಲೆ ಕೈಯಿಟ್ಟು ಜಗಲಿಗೆ ಬಂದಳು. ಅವಳು ಚಪ್ಪಲಿಗೆ ಕಾಲು ತೂರಿಸಲು ನೋಡಿದಳು. ಪಾದ ಊದಿಕೊಂಡಿತ್ತು, ಹಿಡಿಸಲಿಲ್ಲ. ಒಳಗೆ ಹೋಗಿ ಬೇರೊಂದು ಜೊತೆ ತಂದಳು. ಸಕ್ಕರೆ ಕಾಯಿಲೆಯವರಿಗೆಂದು ಮಾರುವ, ಮೆತ್ತನೆಯ ಅಗಲ ಚಪ್ಪಲಿ. ನೆಲಕ್ಕೆ ಬಡಿದು ಧೂಳು ಉದುರಿಸಿ, ಗೋಡೆ ಹಿಡಿದು ಒಂದೊಂದಾಗಿ ಹಾಕಿಕೊಂಡು ಸ್ಕೂಲಿನ ಕಡೆ ನಡೆದಳು.